ಕಲ್ಲಿಲ್ಲದ ದಂಡೆಯಲ್ಲಿ ಸೈಕಲ್

ನನಗೆ ಸೈಕಲ್ ಬರುತ್ತದೆ ಎಂದರೆ ಸುಳ್ಳಾಗುವುದಿಲ್ಲ. ಬರುವುದಿಲ್ಲ ಎಂದರೂ ಸುಳ್ಳಾಗುವುದಿಲ್ಲ. ಒಮ್ಮೆ ಸೀಟಿನ ಮೇಲೆ ಕೂತೆನೆಂದರೆ ಎತ್ತಿನ ಗಾಡಿ, ಕುರಿಮಂದೆ, ಎದುರಿಗೆ ಬರುವ ಲಾರಿ, ಯಾವುದಕ್ಕೂ ನಾನು ಜಗ್ಗುವವನಲ್ಲ. ಬ್ರೇಕ್ ಹಿಡಿಯಬಲ್ಲೆ, ಗಂಟೆ ಬಾರಿಸಬಲ್ಲೆ, ಇಳಿಜಾರಿನಲ್ಲಿ ಪೆಡಲ್ ಬಿಟ್ಟು ಕಾಲು ಚಾಚಿಕೊಂಡು ಏನಾದರೂ ಗುನುಗಬಲ್ಲೆ. ತೊಂದರೆ ಇರುವುದು ಅದಕ್ಕೆ ಮೊದಲಿನ ಗಳಿಗೆಯಲ್ಲಿ. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಎರಡು ಸಲ ಒದ್ದು, ಹಿಂದಿನಿಂದ ಕಾಲು ಬೀಸಿ ಸೀಟಿಗೆ ಹಾರುತ್ತಾರಲ್ಲ, ಹಾಲು ಮಾರುವವರಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರೂ ಅಷ್ಟು ಸಲೀಸಾಗಿ ಮಾಡುವ ಆ ಕೆಲಸ, ಅದು ಮಾತ್ರ ನನಗೆ ಒಲಿಯಲೇ ಇಲ್ಲ. ನನಗೆ ಒಂದು ಕಲ್ಲು ಬೇಕು. ಮೊಣಕಾಲೆತ್ತರದ, ಅಲುಗಾಡದ, ರಸ್ತೆಗೆ ಹೊಂದಿಕೊಂಡಿರುವ ಒಂದು ಕಲ್ಲು. ಅದರ ಮೇಲೆ ಒಂದು ಕಾಲಿಟ್ಟು ಸೀಟಿನ ಮೇಲೆ ಕೂತು, ಮನಸ್ಸು ಗಟ್ಟಿ ಮಾಡಿಕೊಂಡು ತಳ್ಳಿದರೆ ಸವಾರಿ ಹೊರಡುತ್ತದೆ.

ಇದೊಂದು ಊನ ಎಂದು ಬಹಳ ಕಾಲ ನನಗೆ ಅನಿಸಿರಲೇ ಇಲ್ಲ. ನಾನು ಹುಟ್ಟಿ ಬೆಳೆದದ್ದು ಜಗಳೂರಿನಲ್ಲಿ. ಅಲ್ಲಿ ನೀರನ್ನು ಹುಡುಕಿಕೊಂಡು ಹೋಗಬೇಕು, ಕಲ್ಲನ್ನು ಹುಡುಕಬೇಕಾಗಿಲ್ಲ. ಬಾವಿಕಟ್ಟೆ, ಹೊಲದ ಗಡಿಗಲ್ಲು, ಮನೆಮನೆಯ ಜಗುಲಿ, ಸೇತುವೆಯ ಮೋಟುಗೋಡೆ, ಎಲ್ಲಿ ಇಳಿದರೂ ಪಕ್ಕದಲ್ಲೇ ಒಂದು ಆಸರೆ. ಒಮ್ಮೆ ಬೇರೇನೂ ಸಿಗದೆ ಒಂದು ವೀರಗಲ್ಲಿನ ಮೇಲೆ ಕಾಲಿಟ್ಟು ಹತ್ತಿದ್ದೆ. ಮೂರು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ನಾಲ್ಕನೆಯ ದಿನ ಎರಡು ಬಾಳೆಹಣ್ಣು ಒಯ್ದಿಟ್ಟು, ತಪ್ಪಾಯಿತು ಮಾರಾಯ ಎಂದು ಹೇಳಿ ಬಂದೆ. ದನ ಕಾಯುತ್ತಾ ಸತ್ತ ಆ ವೀರನಿಗೆ ಸೈಕಲ್ ಎಂದರೇನೆಂದು ಗೊತ್ತಿರಲಾರದು, ಆದರೂ ಕ್ಷಮಿಸಿದ ಎಂದೇ ನನ್ನ ನಂಬಿಕೆ.

ಸರ್ಕಾರ ಮೈಲಿಗಲ್ಲುಗಳನ್ನು ಕಿತ್ತು ಕಿಲೋಮೀಟರ್ ಕಲ್ಲುಗಳನ್ನು ನೆಟ್ಟಾಗ ಹಿರಿಯರೆಲ್ಲ ಗೊಣಗಿದರು. ಊರುಗಳು ಇದ್ದಕ್ಕಿದ್ದಂತೆ ದೂರವಾದವು ಎಂದು ನಮ್ಮ ತಂದೆಯೂ ಬೇಸರಪಟ್ಟರು. ನಾನೊಬ್ಬನೇ ಒಳಗೊಳಗೆ ಹಿಗ್ಗಿದೆ. ಅಷ್ಟೇ ರಸ್ತೆಗೆ ಎಷ್ಟೊಂದು ಹೆಚ್ಚು ಕಲ್ಲು. ದಶಮಾಂಶ ಪದ್ಧತಿಯನ್ನು ಈ ದೇಶದಲ್ಲಿ ನನ್ನಷ್ಟು ಮನಸಾರೆ ಸ್ವಾಗತಿಸಿದವರು ಇರಲಾರರು. ಆಮೇಲೆ ಒಂದು ಹಳೆಯ ವಾಡೆಯ ಬಾಗಿಲಲ್ಲಿ ಮೆಟ್ಟಿಲಿನಂಥ ಕಲ್ಲೊಂದನ್ನು ಕಂಡು ಇದೇನೆಂದು ವಿಚಾರಿಸಿದೆ. ಪಾಳೆಯಗಾರರು ಕುದುರೆ ಹತ್ತುತ್ತಿದ್ದ ಕಲ್ಲು ಎಂದರು. ಅಂದಿನಿಂದ ನನ್ನ ಅಭ್ಯಾಸಕ್ಕೆ ಒಂದು ರಾಜಮರ್ಯಾದೆಯೇ ಬಂದುಬಿಟ್ಟಿತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ನನಗೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ದಂಡೆಯ ಒಂದೂರಿನ ಶಾಲೆಗೆ ವರ್ಗವಾಯಿತು. ಭೂಗೋಳ ನನ್ನ ವಿಷಯ. ಬಂದರು, ಅಳಿವೆ, ಉಬ್ಬರವಿಳಿತ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬಿಡಿಸುತ್ತಿದ್ದೆ, ಸಮುದ್ರ ನೋಡಿರಲಿಲ್ಲ. ಈ ಕೆರೆಯನ್ನು ನೋಡಿದ ಮೇಲೆ ನೋಡಬೇಕೆಂಬ ತುರ್ತೂ ಉಳಿಯಲಿಲ್ಲ. ಎರಡು ಗುಡ್ಡಗಳ ನಡುವಿನ ಕಂಡಿಗೆ ಒಂದು ಏರಿ ಹಾಕಿ, ಅದರ ಹಿಂದೆ ಕಣ್ಣಿಗೆ ಎಟುಕುವಷ್ಟೂ ನೀರು ನಿಲ್ಲಿಸಿದ್ದಾರೆ. ಗಾಳಿ ಬಿಟ್ಟ ದಿನ ಅಲೆ ಏರಿಗೆ ಬಡಿದು ರಸ್ತೆಯವರೆಗೂ ಹನಿ ಹಾರುತ್ತದೆ. ದಂಡೆಯುದ್ದಕ್ಕೂ ಊರು, ಬಲೆ, ಹರಿಗೋಲು, ಮೀನಿನ ವಾಸನೆ. ನಮ್ಮವ್ವ ಮೊದಲ ಸಲ ಬಂದವಳು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, "ಉಪ್ಪೈತೇನೋ?" ಎಂದು ಕೇಳಿದಳು. ಇಲ್ಲವೆಂದರೂ ನಂಬದೆ ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡು, "ಸಪ್ಪಗೈತೆ" ಎಂದು ಸ್ವಲ್ಪ ನಿರಾಸೆಯಿಂದಲೇ ಹೇಳಿದಳು. ಜಗಳೂರಿಗೆ ಹೋಗಿ ಮಾತ್ರ, ನನ್ನ ಮಗ ಸಮುದ್ರದ ದಂಡೆಯಲ್ಲಿದ್ದಾನೆ ಎಂದೇ ಸುದ್ದಿ ಹಬ್ಬಿಸಿದಳು.

ಈ ದಂಡೆಯಲ್ಲಿ ಗಾಳಿಗೆ ಒಂದು ಗೌರವವಿತ್ತು. ಕಂಡಿಯೊಳಗಿಂದ ಗಾಳಿ ನುಗ್ಗುವ ಹೊತ್ತಿನಲ್ಲಿ ಏರಿಯ ಮೇಲೆ ಯಾರೂ ಸೈಕಲ್ ತುಳಿಯುತ್ತಿರಲಿಲ್ಲ. ಅತ್ತ ಹೋಗುವವರು ಅತ್ತಲೇ, ಇತ್ತ ಬರುವವರು ಇತ್ತಲೇ ಸೈಕಲ್ ನಿಲ್ಲಿಸಿ, ನೆರಳಿನಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಗಾಳಿ ಇಳಿಯುವುದನ್ನು ಕಾಯುತ್ತಿದ್ದರು. ಇದಕ್ಕೆ 'ಗಾಳಿಗೆ ಕೂತಿದ್ದೆ' ಎನ್ನುತ್ತಿದ್ದರು. ಮದುವೆಯ ಮುಹೂರ್ತಕ್ಕೆ ತಡವಾದರೂ, ಸಂತೆಗೆ ತಡವಾದರೂ ಗಾಳಿಗೆ ಕೂತಿದ್ದೆ ಎಂದರೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ನಮ್ಮ ಹೆಡ್‌ಮಾಸ್ತರರು ಹಾಜರಿ ಪುಸ್ತಕದಲ್ಲಿ ಉಪಾಧ್ಯಾಯರ ಹೆಸರಿನ ಮುಂದೆ 'ಗಾಳಿ' ಎಂದು ಬರೆದು ಸಹಿ ಹಾಕುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಗಾಳಿಯಿಲ್ಲದ ದಿನ ನಾನೂ ಅದನ್ನು ಒಂದೆರಡು ಸಲ ಬಳಸಿಕೊಂಡಿದ್ದೇನೆ.

ಇಷ್ಟು ಪೀಠಿಕೆ ಹಾಕಿದ್ದು ನನ್ನ ಹೆಂಡತಿ ವಿಶಾಲಾಕ್ಷಿಯ ಮಾತಿಗೆ ಬರುವುದಕ್ಕೆ. ಅವಳು ನ್ಯಾಮತಿಯವಳು. ಮದುವೆಯಾದ ಮೇಲೆ ಮನೆಯಲ್ಲೇ ಓದಿ, ತರಬೇತಿ ಮುಗಿಸಿ, ಮೂರು ವರ್ಷ ಪೋಸ್ಟ್‌ಮ್ಯಾನ್ ದಾರಿ ಕಾದು, ಕಡೆಗೆ ಗ್ರಾಮಸೇವಿಕೆಯ ಕೆಲಸ ಹಿಡಿದಿದ್ದಳು. ಹೊಗೆಯಿಲ್ಲದ ಒಲೆ ಹಾಕಿಸುವುದು, ಹಿತ್ತಲಲ್ಲಿ ಸೊಪ್ಪು ಬೆಳೆಸುವುದು, ಬಾಣಂತಿಯರಿಗೆ ನಾಲ್ಕು ಮಾತು ಹೇಳುವುದು ಅವಳ ಕೆಲಸ. ಆರ್ಡರ್ ಬಂದ ದಿನ ಅದನ್ನು ಮೂರು ಸಲ ಓದಿ, ಮಡಿಚಿ, ಮತ್ತೆ ಬಿಚ್ಚಿ ನಾಲ್ಕನೆಯ ಸಲ ಓದಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಮದುವೆಯ ದಿನವೂ ನೋಡಿರಲಿಲ್ಲ.

ಆರ್ಡರಿನ ಕೊನೆಯಲ್ಲಿ ಒಂದು ಸಾಲಿತ್ತು. ದಂಡೆಯ ಐದು ಊರುಗಳನ್ನು ಸೈಕಲ್ ಮೇಲೆ ಸುತ್ತಬೇಕು. ಹೆಂಗಸರ ಸೈಕಲ್ಲನ್ನು ಇಲಾಖೆಯೇ ಕೊಡುತ್ತದೆ. ಆದರೆ ಸೈಕಲ್ ಬರುತ್ತದೆ ಎಂದು ಮೇಲಧಿಕಾರಿಯ ಮುಂದೆ ತೋರಿಸಿದ ಮೇಲೆ ಮಾತ್ರ. ಸೈಕಲ್ ಇಲ್ಲದೆ ಸೈಕಲ್ ಕಲಿಯುವುದು ಹೇಗೆಂದು ಇಲಾಖೆ ಯೋಚಿಸಿದಂತಿರಲಿಲ್ಲ. ತಿಂಗಳೊಳಗೆ ತೋರಿಸದಿದ್ದರೆ ಅವಳನ್ನು ಜಗಳೂರಿನಲ್ಲಿ ಕಚೇರಿಯೊಳಗೆ ಕೂತು ಮಾಡುವ ಕೆಲಸಕ್ಕೆ ಹಾಕುವುದೆಂದು ಬಾಯಿಮಾತಿನಲ್ಲಿ ತಿಳಿಸಿದರು. ಅವಳು ಅಲ್ಲಿ, ನಾನು ಇಲ್ಲಿ. ಹೆಡ್‌ಮಾಸ್ತರರು, "ಒಳ್ಳೇದೇ ಆತಲ್ರೀ, ನಿಮ್ಮ ತಾಯಿ ಅಲ್ಲೇ ಅದಾರೆ" ಎಂದರು. ವಿಶಾಲಾಕ್ಷಿ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: "ಫೈಲ್ ಹೊಲಿಯಾಕೆ ನಾನು ಇಷ್ಟು ವರ್ಷ ಓದ್ಲಿಲ್ಲ." ನನಗೂ ಭಯವಾಗಿತ್ತು. ಅವಳಿಲ್ಲದ ಮನೆಯಲ್ಲಿ ಅನ್ನಕ್ಕೆ ಎಷ್ಟು ನೀರಿಡಬೇಕೆಂಬುದೂ ನನಗೆ ಗೊತ್ತಿರಲಿಲ್ಲ, ಸಂಜೆ ಹೊತ್ತು ಯಾರ ಹತ್ತಿರ ಮಾತಾಡಬೇಕೆಂಬುದಂತೂ ಮೊದಲೇ ಗೊತ್ತಿರಲಿಲ್ಲ.

ನಾನೇ ಕಲಿಸುತ್ತೇನೆ ಎಂದೆ. ಸಂಜೆ ಶಾಲೆಯ ಮೈದಾನದಲ್ಲಿ ನನ್ನ ಗಂಡಸರ ಸೈಕಲ್ ಮೇಲೆ ಪಾಠ ಶುರುವಾಯಿತು. ಹೊನ್ನಾಳಿಯಲ್ಲಿದ್ದ ತನ್ನ ಅಜ್ಜಿ ಉಡುತ್ತಿದ್ದ ಹಾಗೆ ಸೀರೆಗೆ ಕಚ್ಚೆ ಹಾಕಿಕೊಂಡು ಅವಳು ನಿಂತಾಗ, ಅಡ್ಡಕಂಬಿಯ ಚಿಂತೆ ಅಲ್ಲಿಗೇ ಮುಗಿಯಿತು. ಹತ್ತು ದಿನದಲ್ಲಿ ಬ್ಯಾಲೆನ್ಸ್ ಬಂತು, ಹದಿನೈದು ದಿನದಲ್ಲಿ ನನಗಿಂತ ಚೆನ್ನಾಗಿ ತಿರುವು ಹೊಡೆಯುತ್ತಿದ್ದಳು. ಹತ್ತುವುದನ್ನು ಮಾತ್ರ ನಾನು ನನಗೆ ಗೊತ್ತಿದ್ದ ಹಾಗೆಯೇ ಕಲಿಸಿದೆ. ಧ್ವಜಸ್ತಂಭದ ಕಟ್ಟೆಯ ಪಕ್ಕ ಸೈಕಲ್ ನಿಲ್ಲಿಸು, ಕಟ್ಟೆಯ ಮೇಲೆ ಕಾಲಿಡು, ಕೂರು, ತಳ್ಳು. "ಬೇರೆಯೋರು ಓಡ್ತಾ ಹತ್ತಾರಲ್ರೀ?" ಎಂದು ಅವಳು ಒಂದು ದಿನ ಕೇಳಿದಳು. "ಅದು ಒರಟು ಪದ್ಧತಿ, ಸೀರೆಗೆ ಹೊಂದೋದಿಲ್ಲ" ಎಂದೆ. ನನಗೆ ಬರುವುದಿಲ್ಲ ಎನ್ನುವುದಕ್ಕೆ ನಾಲಗೆ ಹೊರಳಲಿಲ್ಲ. ಮೇಷ್ಟ್ರ ಕೆಲಸದಲ್ಲಿ ಇದೊಂದು ಅಪಾಯ; ತನಗೆ ತಿಳಿಯದ್ದನ್ನು ಪಾಠದಲ್ಲಿಲ್ಲ ಎಂದು ಹೇಳುವುದು ಅಭ್ಯಾಸವಾಗಿಬಿಡುತ್ತದೆ.

ತೋರಿಸುವ ದಿನ ಬಂತು. ಮೇಲಧಿಕಾರಿಯಾಗಿದ್ದ ಹೆಂಗಸು ಜೀಪಿನಲ್ಲಿ ಬಂದು, ಕೆರೆಯ ಹಿನ್ನೀರಿನ ಕಡೆಯ ಒಂದೂರಿನ ಚಾವಡಿಯಲ್ಲಿ ಸಭೆ ಮಾಡುವುದು, ಸೇವಿಕೆಯರು ಅಲ್ಲಿಗೆ ಹನ್ನೊಂದಕ್ಕೆ ಮುಂಚೆ ಸೈಕಲ್ಲಿನಲ್ಲಿ ಬಂದು ಸೇರುವುದು ಎಂದು ತೀರ್ಮಾನವಾಗಿತ್ತು. ದಾರಿ ಕಷ್ಟದ್ದಲ್ಲ. ಏರಿಯವರೆಗೆ ಟಾರು ರಸ್ತೆ, ಏರಿ ದಾಟಿದ ಮೇಲೆ ನೀರಿನ ಅಂಚು ಹಿಡಿದು ಸಾಗುವ ಬಂಡಿಜಾಡು, ನಡುವೆ ಎರಡು ಚಿಕ್ಕ ಊರು. ಒಂದೇ ಒಂದು ಏರು ಇಲ್ಲ, ಇಳಿತ ಇಲ್ಲ. ಅವಳಿಗೆ ನನ್ನ ಸೈಕಲ್ ಕೊಟ್ಟು, ನಾನು ಬಾಡಿಗೆಗೆ ಒಂದನ್ನು ತಂದೆ. ಬೆಳಿಗ್ಗೆ ಎಂಟಕ್ಕೆ ಧ್ವಜದ ಕಟ್ಟೆಯಿಂದ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೊರಟೆವು.

ಏರಿಯ ಈಚೆ ಒಂದು ಗಂಟೆ ಗಾಳಿಗೆ ಕೂತೆವು. ಆಮೇಲೆ ಗಾಳಿ ಇಳಿಯಿತು, ಕಿಲೋಮೀಟರ್ ಕಲ್ಲೊಂದು ನಮ್ಮಿಬ್ಬರನ್ನೂ ಹತ್ತಿಸಿ ಕಳಿಸಿತು. ನೀರಿನ ಪಕ್ಕದ ಜಾಡು ಮೆತ್ತಗಿತ್ತು, ಚಕ್ರ ಸದ್ದಿಲ್ಲದೆ ಉರುಳುತ್ತಿತ್ತು. ಅವಳ ಬೆನ್ನು ನೆಟ್ಟಗಿತ್ತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಗೆದ್ದೆವು ಎಂದುಕೊಂಡೆ. ಮೊದಲ ಊರು ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಜಾಡಿಗೆ ಅಡ್ಡವಾಗಿ ಬಲೆ ಒಣಹಾಕಿದ್ದರು. ಬಲೆಯ ಮೇಲೆ ಚಕ್ರ ಹರಿಸುವ ಹಾಗಿಲ್ಲ, ಇಬ್ಬರೂ ಇಳಿದೆವು. ಸುತ್ತಿಕೊಂಡು ಆಚೆ ಹೋದ ಮೇಲೆ ಇಬ್ಬರೂ ಒಟ್ಟಿಗೇ ಅತ್ತಿತ್ತ ನೋಡಿದೆವು. ಎಲ್ಲೆಲ್ಲೂ ಕೆರೆಯ ಹೂಳುಮಣ್ಣು. ಒಂದು ಕಲ್ಲಿಲ್ಲ. ಮುಂದೆಯೂ ಇರಲಿಲ್ಲ, ಮುಂದಿನ ಊರಿನವರೆಗೂ ಇರಲಿಲ್ಲ.

ಬಲೆಯ ಒಡತಿ ಹಾಲವ್ವ ಅಲ್ಲೇ ಕೂತು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಅವಳ ಪಕ್ಕದಲ್ಲಿ ಒಂದು ಹರಿಗೋಲು ಬೋರಲು ಬಿದ್ದಿತ್ತು. ನಾನು ಧೈರ್ಯ ತೋರಿಸುವವನಂತೆ ಸೈಕಲ್ಲನ್ನು ಅದರ ಪಕ್ಕಕ್ಕೆ ಒಯ್ದು ಅದರ ಮೇಲೆ ಕಾಲಿಟ್ಟೆ. ಹೊಸದಾಗಿ ಬಳಿದ ಟಾರು ಇನ್ನೂ ಒಣಗಿರಲಿಲ್ಲ. ಕಾಲು ಬಂತು, ಚಪ್ಪಲಿ ಬರಲಿಲ್ಲ.

"ಏನ್ ಮಾಡಾಕೆ ಹತ್ತೀರಿ ಮೇಷ್ಟ್ರೇ?" ಎಂದಳು ಹಾಲವ್ವ, ಹೆಣೆಯುವುದನ್ನು ನಿಲ್ಲಿಸದೆ.

"ಸೈಕಲ್ ಹತ್ತಾಕೆ ಏನಾದ್ರೂ ಎತ್ರ ಬೇಕಿತ್ತು."

"ಎತ್ರ ಯಾಕ್ರೀ? ಎಲ್ಲಾರೂ ಓಡಿಸ್ಕಂಡು ಹತ್ತಲ್ವಾ?"

ವಿಶಾಲಾಕ್ಷಿ ನನ್ನ ಮುಖ ನೋಡಿದಳು. "ಸೀರೇಲಿ ಹಂಗೆ ಹತ್ತಾಕೆ ಆಗಲ್ಲ ಅಂದಿದ್ರಲ್ಲ?"

ಒಂದು ಕಾಲಿನಲ್ಲಿ ಚಪ್ಪಲಿಯಿದ್ದು ಮತ್ತೊಂದರಲ್ಲಿ ಇಲ್ಲದಾಗ ಸುಳ್ಳು ಹೇಳುವುದು ಬಹಳ ಕಷ್ಟ. "ಆಗುತ್ತೆ. ನನಗೆ ಬರಲ್ಲ" ಎಂದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ಒಂದು ತಿಂಗಳು ಇತ್ತು. ಮೊದಲ್ನೇ ದಿನ ಹೇಳಿದ್ರೆ ಬೇರೆ ಯಾರನ್ನಾದ್ರೂ ಕೇಳ್ತಿದ್ದೆ. ಈಗ ನೀವು ಹಿಡ್ಕಂಡು ಹತ್ತಿಸಿದ್ರೂ ಮೇಡಂ ಮುಂದೆ ಯಾರು ಹಿಡೀತಾರೆ?" ಎಂದಳು. ಗಡಿಯಾರ ಹತ್ತು ದಾಟಿತ್ತು. ನಡೆದುಕೊಂಡು ಹೋದರೆ ಹನ್ನೊಂದಕ್ಕೆ ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೂ, ತಳ್ಳಿಕೊಂಡು ಬಂದವಳಿಗೆ ಸೈಕಲ್ ಬರುತ್ತದೆಂದು ಯಾರು ಬರೆದುಕೊಡುತ್ತಾರೆ? ನನ್ನ ಒಣಜಂಬಕ್ಕೆ ಅವಳ ಮೂರು ವರ್ಷದ ಕಾಯುವಿಕೆ ಮಣ್ಣುಪಾಲಾಗುತ್ತಿದೆ ಎಂದು ನನಗೆ ಆಗ ತಿಳಿಯಿತು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಹಾಲವ್ವ ಬಲೆ ಬದಿಗಿಟ್ಟು ಎದ್ದಳು. ಅವಳು ಜನ್ಮದಲ್ಲಿ ಸೈಕಲ್ ಹತ್ತಿದವಳಲ್ಲ. ಆದರೆ ಅವಳ ಗಂಡ ಇಪ್ಪತ್ತು ವರ್ಷ ಮೀನಿನ ಬುಟ್ಟಿ ಕಟ್ಟಿಕೊಂಡು ಚನ್ನಗಿರಿಗೂ ಸಾಸ್ವೆಹಳ್ಳಿಗೂ ಸೈಕಲ್ಲಿನಲ್ಲಿ ಹೋಗುತ್ತಿದ್ದವನು. ದಿನಾ ಬೆಳಿಗ್ಗೆ ಹಿಂದಿನಿಂದ ಬುಟ್ಟಿಗೆ ಕೈ ಕೊಟ್ಟು ಕಳಿಸುತ್ತಿದ್ದವಳು ಇವಳೇ. "ನಾನು ನೋಡ್ಕಂಡಿದ್ದು ಹೇಳ್ತೀನಿ ಕೇಳವ್ವ" ಎಂದಳು. "ಎಡಗಾಲು ಪೆಟ್ಲಿನ ಮ್ಯಾಗೆ ಇಡು. ನೆಲ ನೋಡಬ್ಯಾಡ. ಎಲ್ಲಿಗೆ ಹೋಗ್ಬೇಕೋ ಅತ್ಲಾಗೆ ನೋಡು. ಎಲ್ಡು ಸಲ ಒದಿ, ಮೂರ್ನೇದಕ್ಕೆ ಕಾಲು ಎತ್ತಿ ಹಾಕು. ಬಿದ್ರೆ ಮೆತ್ತಗೈತೆ, ಹೂಳು."

ಮೊದಲ ಸಲ ವಿಶಾಲಾಕ್ಷಿ ಎಡಕ್ಕೆ ಬಿದ್ದಳು, ಎರಡನೆಯ ಸಲ ಬಲಕ್ಕೆ. ಮೂರನೆಯ ಸಲ ಸೀಟಿಗೆ ಏರಿ, ಏರಿದ ಆಶ್ಚರ್ಯಕ್ಕೇ ಬಿದ್ದಳು. ನಾನು ಹಿಡಿಯಲು ಹೋದರೆ ಹಾಲವ್ವ, "ನೀವು ದೂರ ನಿಲ್ರಿ" ಎಂದು ಗದರಿದಳು. ನಾಲ್ಕನೆಯದೋ ಐದನೆಯದೋ ಸಲಕ್ಕೆ ಸೈಕಲ್ ಅಡ್ಡಾಡಿ, ಬಾಗಿ, ನೆಟ್ಟಗಾಗಿ, ಹೊರಟೇಬಿಟ್ಟಿತು. ಅವಳು ಹಿಂದಕ್ಕೆ ನೋಡಲಿಲ್ಲ. ನೋಡಿದರೆ ಬೀಳುತ್ತಿದ್ದಳು, ಅದು ನನಗೂ ಗೊತ್ತಿತ್ತು. ಆದರೂ ನೋಡಬಾರದಿತ್ತೇ ಎನಿಸಿತು. ದಂಡೆಯ ತಿರುವಿನಲ್ಲಿ ಅವಳ ಹಸಿರು ಸೀರೆ ಮರೆಯಾಗುವವರೆಗೂ ನಾನು ಮತ್ತು ಹಾಲವ್ವ ನಿಂತಿದ್ದೆವು.

"ನೀವೂ ಕಲೀರಿ" ಎಂದಳು ಹಾಲವ್ವ. ಎರಡು ಸಲ ಪ್ರಯತ್ನಿಸಿದೆ. ಎರಡನೆಯ ಸಲ ಸೈಕಲ್ ನೀರಿನವರೆಗೂ ಹೋಯಿತು, ನಾನು ಹೋಗಲಿಲ್ಲ. ಅವಳು ನನ್ನ ಚಪ್ಪಲಿಯನ್ನು ಹರಿಗೋಲಿನಿಂದ ಬಿಡಿಸಿಕೊಟ್ಟು, ತಳ್ಳಿಕೊಂಡು ಹೋಗುವುದೇ ಲೇಸು ಎಂದು ಬುದ್ಧಿ ಹೇಳಿ ಕಳಿಸಿದಳು. ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿ ಹಿಂದಿನ ಚಕ್ರದ ಗಾಳಿಯೂ ಹೋಯಿತು. ಯಾಕೆ ತಳ್ಳುತ್ತಿದ್ದೀರಿ ಎಂದು ಕೇಳಿದವರಿಗೆ ಪಂಕ್ಚರ್ ಎಂದು ಹೇಳುವ ಅನುಕೂಲವಾಯಿತಲ್ಲ ಎಂದು ಸಮಾಧಾನ ತಂದುಕೊಂಡೆ.

ನಾನು ಮುಟ್ಟಿದಾಗ ಚಾವಡಿಯ ಮುಂದೆ ಜನ ಸೇರಿದ್ದರು. ಉಬ್ರಾಣಿ ಕಡೆಯ ಸೇವಿಕೆಯರಿಬ್ಬರು ತಮ್ಮ ಸರದಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ವಿಶಾಲಾಕ್ಷಿಯ ಸೀರೆಯ ತುಂಬ ಕೆಸರು. ಆ ಅಧಿಕಾರಿ ಚಾವಡಿಯ ಎತ್ತರದ ಜಗುಲಿಯನ್ನು ತೋರಿಸಿ, "ಬೇಕಾದ್ರೆ ಇದರ ಮೇಲೆ ಕಾಲಿಟ್ಟು ಹತ್ತಮ್ಮ, ಪರವಾಗಿಲ್ಲ" ಎಂದರು. ನನ್ನ ಕಣ್ಣಿಗೆ ಎಂಥ ಚೆಂದದ ಜಗುಲಿ ಅದು. ವಿಶಾಲಾಕ್ಷಿ ಅದರ ಕಡೆ ತಿರುಗಿ ನೋಡಿ, ಸೈಕಲ್ಲನ್ನು ಬಯಲಿನ ನಡುವಿಗೆ ಒಯ್ದಳು. ಒದ್ದಳು, ಒದ್ದಳು, ಹಾರಿ ಕೂತಳು. ಎರಡು ಸುತ್ತು ಹಾಕಿ ಬಂದು ಅಧಿಕಾರಿಯ ಮುಂದೆಯೇ ಇಳಿದಳು.

"ಯಾರಮ್ಮ ಕಲಿಸಿದ್ದು?" ಎಂದು ಅವರು ಬರೆದುಕೊಳ್ಳುತ್ತಾ ಕೇಳಿದರು.

ಜನರ ಹಿಂದೆ ಪಂಕ್ಚರಾದ ಸೈಕಲ್ ಹಿಡಿದು ನಿಂತಿದ್ದ ನನ್ನನ್ನು ಅವಳು ಆಗಲೇ ಕಂಡಿದ್ದಳು. "ಓಡ್ಸೋದು ನಮ್ಮನೆಯೋರು ಕಲಿಸಿದ್ರು ಮೇಡಂ. ಹತ್ತೋದು ಹಾಲವ್ವ ಅಂತ ದಂಡೆ ಮೇಲಿನೋರು ಕಲಿಸಿದ್ರು."

"ಇಳಿಯೋದು?"

"ಅದು ಬೀಳ್ತಾ ಬೀಳ್ತಾ ನಾನೇ ಕಲಿತೆ."

ಅಧಿಕಾರಿ ನಕ್ಕು ಸಹಿ ಹಾಕಿದರು. ಐದು ಊರುಗಳೂ ಅವಳವೇ ಆದವು. ನನಗೆ ಕಣ್ಣು ತುಂಬಿ ಬಂದದ್ದಕ್ಕೆ ದಾರಿಯ ಧೂಳನ್ನು ದೂರಬಹುದಿತ್ತು, ದೂರಲಿಲ್ಲ. ಹತ್ತಿರ ಹೋಗಿ, ತಪ್ಪಾಯಿತು ಎಂದೆ. "ಗೊತ್ತಾತಲ್ಲ, ಸಾಕು" ಎಂದಳು. ನನ್ನ ಅರ್ಧ ಕಲಿಸುವಿಕೆಗೂ ಅಷ್ಟು ಜನರ ಮುಂದೆ ಲೆಕ್ಕ ಸಿಕ್ಕಿತ್ತು, ಅದು ನನಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ಬಾಡಿಗೆ ಸೈಕಲ್ಲನ್ನು ಆ ಊರಿನಲ್ಲೇ ರಿಪೇರಿಗೆ ಬಿಟ್ಟೆವು. ಉಳಿದದ್ದು ಒಂದೇ ಸೈಕಲ್, ಒಂದೇ ಕ್ಯಾರಿಯರ್. "ನಾನು ಹೊರಟ ಮೇಲೆ ನೀವು ಓಡಿಬಂದು ಹಿಂದೆ ಹಾರಿ ಕೂತ್ಕಳ್ರಿ" ಎಂದಳು. ಮೊದಲೇ ಕೂತರೆ ಭಾರಕ್ಕೆ ಅವಳಿಗೆ ಹೊರಡಿಸಲು ಬರುವುದಿಲ್ಲ. ನಾನು ಅತ್ತಿತ್ತ ನೋಡಿದೆ. ಸೈಕಲ್ ಆಗಲೇ ಹೊರಟಿತ್ತು, ನಿಂತು ಕಾಯುವ ಲಕ್ಷಣ ಕಾಣಲಿಲ್ಲ. ಓಡಿದೆ. ಓಡುತ್ತಾ ಹಾರಿದೆ. ಹೇಗೆ ಕೂತೆನೋ ಕೂತಿದ್ದೆ. ಮೂವತ್ತನಾಲ್ಕು ವರ್ಷದಲ್ಲಿ ನಾನು ನೆಲದಿಂದ ನೇರವಾಗಿ ಸೈಕಲ್ ಏರಿದ್ದು ಅದೇ ಮೊದಲು. ಏರಿದ್ದು ಕ್ಯಾರಿಯರಿಗೆ ಎನ್ನುವುದು ಬೇರೆ ಮಾತು.

ಜಾಡಿನ ಮೇಲಿನ ಬಲೆಯನ್ನು ಆಗಲೇ ಎತ್ತಿದ್ದರು, ಬೆನ್ನಿಗೆ ಗಾಳಿ ಸಿಕ್ಕಿತ್ತು, ತುಳಿಯುವ ಶ್ರಮವೇ ಇರಲಿಲ್ಲ. ಹೆಂಗಸರು ಕೂರುವ ಹಾಗೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತವನಿಗೆ ಎದುರಿಗೆ ಬರೀ ನೀರು. ಇಷ್ಟು ಸಲ ಈ ದಂಡೆಯಲ್ಲಿ ಓಡಾಡಿದ್ದೇನೆ, ಕಣ್ಣು ಯಾವಾಗಲೂ ರಸ್ತೆಯ ಅಂಚಿನಲ್ಲಿ ಮುಂದಿನ ಕಲ್ಲನ್ನು ಹುಡುಕುತ್ತಿತ್ತು. ನೀರಕ್ಕಿಗಳು ಅಷ್ಟೊಂದು ಇವೆಯೆಂದು, ದೂರದಲ್ಲಿ ಹರಿಗೋಲು ತೇಲುವಾಗ ಅದರೊಳಗೆ ಕೂತವರು ಮಾತಾಡುವುದು ದಡಕ್ಕೆ ಕೇಳುತ್ತದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅವಳು ಮುಂದಿನ ವಾರ ಯಾವ ಊರಿಗೆ ಯಾವ ದಿನ ಎಂದು ಜೋರಾಗಿ ಹೇಳಿಕೊಳ್ಳುತ್ತಾ ತುಳಿಯುತ್ತಿದ್ದಳು. ಅರ್ಧ ಗಾಳಿಗೆ ಹೋಗುತ್ತಿತ್ತು, ಅರ್ಧ ನನಗೆ ಸಿಗುತ್ತಿತ್ತು.

ಏರಿಯ ತುದಿಯಲ್ಲಿ ಚಹಾದಂಗಡಿ ಕಂಡಾಗ ನನಗೆ ಎಚ್ಚರವಾಯಿತು. ಅಲ್ಲಿ ಗುರುತಿನವರು ಏಳೆಂಟು ಜನ ಕೂತಿದ್ದರು. ಹೆಂಡತಿ ತುಳಿಯುವ ಸೈಕಲ್ಲಿನ ಕ್ಯಾರಿಯರ್ ಮೇಲೆ ಊರಿನ ಮೇಷ್ಟ್ರು. ಸ್ವಲ್ಪ ಮುಂಚೆ ಇಳಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೆಲ್ಲ ಎದ್ದು ನಿಂತರು, ಒಬ್ಬರು ನಮಸ್ಕಾರ ಎಂದರು. ಸವಾರನಾಗಿದ್ದರೆ ಹ್ಯಾಂಡಲ್ ಬಿಡಲಾರದೆ ತಲೆ ಆಡಿಸಿ ಮುಂದೆ ಹೋಗಬೇಕಾಗುತ್ತಿತ್ತು. ಅವತ್ತು ನನ್ನ ಎರಡು ಕೈಗಳೂ ಖಾಲಿ ಇದ್ದವು. ಎರಡನ್ನೂ ಜೋಡಿಸಿ, ಎದೆಯವರೆಗೆ ಎತ್ತಿ, ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ನಮಸ್ಕಾರ ಮಾಡುತ್ತಾ ಏರಿ ದಾಟಿದೆ.